ಉಪ್ಪು, ನೀರು ಮತ್ತು ಮೊಡವೆ

ಉಪ್ಪನ್ನು ಕುರಿತು ಮಾತನಾಡದ ಜನಪದವಿಲ್ಲ. ಉಣ್ಣುವ ಅನ್ನಕ್ಕೂ, ಕೊಟ್ಟ ಮಾತಿಗೂ, ಉಪಕಾರದ ಋಣಕ್ಕೂ ನಮ್ಮವರು ಉಪ್ಪನ್ನೇ ಸಾಕ್ಷಿಯಾಗಿ ಇಟ್ಟಿದ್ದಾರೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಉಪ್ಪಿನ ವ್ಯವಹಾರಕ್ಕೆಂದೇ ಲವಣಾಧ್ಯಕ್ಷನೆಂಬ ಅಧಿಕಾರಿಯುಂಟು. 1930ರ ಏಪ್ರಿಲ್ 6ರಂದು ದಂಡಿಯ ಕಡಲತೀರದಲ್ಲಿ ಗಾಂಧೀಜಿಯವರು ಉಪ್ಪನ್ನೆತ್ತಿದರು; ಅದೇ ತಿಂಗಳ 13ರಂದು ನಮ್ಮ ಅಂಕೋಲೆಯಲ್ಲಿಯೂ ಉಪ್ಪಿನ ಕಾಯಿದೆ ಮುರಿಯಿತು. ಇತಿಹಾಸದ ವಿದ್ಯಾರ್ಥಿಯಾದ ನಾನು ಈ ಹಾದಿಯನ್ನೇ ಹಿಡಿದು ಹೊರಟರೆ ಲೇಖನ ಸುಲಭವಾಗಿ ಮುಗಿದೀತು. ಆದರೆ ಇಲ್ಲಿ ನಾನು ಹೇಳಹೊರಟಿರುವುದು ರಾಜ್ಯದ ಉಪ್ಪನ್ನಲ್ಲ, ಮೈಯೊಳಗಿನ ಉಪ್ಪನ್ನು.

ಇದಕ್ಕೆ ಕಾರಣವುಂಟು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಓದಿದವನೆಂದರೆ ಎಲ್ಲವನ್ನೂ ಬಲ್ಲವನೆಂದು ಮನೆಯವರ ನಂಬಿಕೆ. ಪಡಿತರ ಚೀಟಿಯ ಅರ್ಜಿಯಿಂದ ಹಿಡಿದು ಮಾತ್ರೆಯ ಪೊಟ್ಟಣದ ಮೇಲಿನ ಬರಹದವರೆಗೆ ಎಲ್ಲವೂ ನನ್ನ ಮುಂದೆ ಬರುತ್ತದೆ. ಹೋದ ವರ್ಷ ಬಂದದ್ದು ಉಪ್ಪು. ಪಿ.ಯು.ಸಿ. ಓದುತ್ತಿರುವ ತಂಗಿಗೆ ಮುಖದ ತುಂಬ ಮೊಡವೆ. ಉಪ್ಪು ತಿಂದರೆ ಮೋರೆಯಲ್ಲಿ ನೀರು ತುಂಬಿ ಮೊಡವೆ ಏಳುತ್ತದೆಂದು ಪಕ್ಕದ ಮನೆಯ ಅತ್ತೆ ಹೇಳಿದ್ದರಿಂದ ಅವಳು ಸಪ್ಪೆ ಸಾರು ಉಣ್ಣತೊಡಗಿದಳು. ಅವ್ವನಿಗೆ ರಕ್ತದ ಒತ್ತಡ. ಉಪ್ಪು ಕಡಿಮೆ ಮಾಡೆಂದು ವೈದ್ಯರು ಹೇಳಿದ್ದರೂ ಉಪ್ಪಿನಕಾಯಿಯಿಲ್ಲದೆ ಅವಳಿಗೆ ತುತ್ತು ಇಳಿಯದು. ಅಪ್ಪ ಆಲೆಮನೆಯಲ್ಲಿ ಒಲೆಗೆ ಸಿಪ್ಪೆ ಒಡ್ಡುವವರು. ಬೆವರಿ ಬಂದವರಿಗೆ ಉಪ್ಪು ಹಾಕಿದ ಮಜ್ಜಿಗೆ ಕೊಡಬೇಕೆಂದು ಅಜ್ಜಿಯ ಕಟ್ಟಪ್ಪಣೆ. ಒಂದೇ ಒಲೆ, ಒಂದೇ ಉಪ್ಪಿನ ಮರಿಗೆ. ಹೇಳಿಕೆ ಮಾತ್ರ ಮೂರು ಬಗೆ. ಇವುಗಳಲ್ಲಿ ಯಾವುದು ನಿಜವೆಂದು ತಿಳಿಯುವ ಸಲುವಾಗಿ ನಾನು ಓದಿದ್ದನ್ನು ನನ್ನಂತೆಯೇ ಕಲಾವಿಭಾಗದಲ್ಲಿರುವ ಮಿತ್ರರ ಮುಂದಿಡುತ್ತಿದ್ದೇನೆ. ವಿಜ್ಞಾನ ಬಲ್ಲ ಅಧ್ಯಾಪಕರು ಸೈರಿಸಿಕೊಳ್ಳಬೇಕು.

‘ಉಪ್ಪು ತಿಂದವನು ನೀರು ಕುಡಿಯಲೇಬೇಕು’ ಎಂಬ ಗಾದೆಯನ್ನು ನಾವು ಮಾಡಿದ್ದನ್ನು ಉಣ್ಣಬೇಕೆಂಬ ಅರ್ಥದಲ್ಲಿ ಬಳಸುತ್ತೇವೆ. ಶರೀರಶಾಸ್ತ್ರವು ಇದನ್ನು ಅಕ್ಷರಶಃ ಒಪ್ಪುತ್ತದೆ. 60 ಕಿಲೋ ತೂಗುವ ಗಂಡಸಿನ ಮೈಯಲ್ಲಿ ಸುಮಾರು 36 ಲೀಟರು ನೀರಿರುತ್ತದೆ. ಇದರಲ್ಲಿ ಮೂರನೆಯ ಎರಡು ಪಾಲು, ಎಂದರೆ 24 ಲೀಟರು, ಜೀವಕೋಶಗಳ ಒಳಗಿನದು. ಉಳಿದ 12 ಲೀಟರು ಕೋಶಗಳ ಹೊರಗೆ, ರಕ್ತದ ದ್ರವಭಾಗದಲ್ಲಿಯೂ ಕೋಶ ಕೋಶಗಳ ನಡುವಣ ಎಡೆಗಳಲ್ಲಿಯೂ ಹರಡಿಕೊಂಡಿರುತ್ತದೆ. ನಾವು ತಿನ್ನುವ ಉಪ್ಪು ಸೋಡಿಯಂ ಮತ್ತು ಕ್ಲೋರಿನ್ ಕೂಡಿದ ವಸ್ತು. ತೂಕದಲ್ಲಿ ಐದನೆಯ ಎರಡು ಪಾಲು ಸೋಡಿಯಂ. ಈ ಸೋಡಿಯಂ ನೆಲಸುವುದು ಬಹುಮಟ್ಟಿಗೆ ಹೊರಗಿನ ನೀರಿನಲ್ಲಿಯೇ. ಒಳಕ್ಕೆ ನುಸುಳಿದ ಸೋಡಿಯಮನ್ನು ಕೋಶದ ಪೊರೆಯಲ್ಲಿರುವ ಪಂಪುಗಳು ಹಗಲಿರುಳೂ ಹೊರಕ್ಕೆ ದಬ್ಬಿ, ಪೊಟ್ಯಾಸಿಯಮನ್ನು ಒಳಕ್ಕೆ ಎಳೆದುಕೊಳ್ಳುತ್ತಿರುತ್ತವೆ. ಆ 12 ಲೀಟರಿನಲ್ಲಿರುವ ಸೋಡಿಯಮನ್ನು ಉಪ್ಪಿನ ಲೆಕ್ಕಕ್ಕೆ ತಂದರೆ ಹೆಚ್ಚು ಕಡಿಮೆ 100 ಗ್ರಾಂ ಆಗುತ್ತದೆ.

ನೀರಿನ ಸ್ವಭಾವವೆಂದರೆ ಪೊರೆಯ ಯಾವ ಮಗ್ಗುಲಲ್ಲಿ ಕರಗಿದ ಪದಾರ್ಥ ಹೆಚ್ಚಾಗಿದೆಯೋ ಆ ಮಗ್ಗುಲಿಗೆ ಹರಿಯುವುದು. ಮಾವಿನ ಮಿಡಿಗೆ ಉಪ್ಪು ಬೆರೆಸಿಟ್ಟರೆ ಮಾರನೆಯ ದಿನ ಜಾಡಿಯಲ್ಲಿ ನೀರು ನಿಂತು ಮಿಡಿ ಮುರುಟಿಕೊಂಡಿರುವುದನ್ನು ನೋಡದವರಾರು? ಹೊರಗಿನಿಂದ ನೀರು ಹಾಕಿದವರಿಲ್ಲ, ಮಿಡಿಯ ಒಳಗಿನದನ್ನೇ ಉಪ್ಪು ಎಳೆದದ್ದು. ನಮ್ಮ ಮೈಯ ಕೋಶಗಳಿಗೂ ಈ ಗತಿ ಒದಗಬಾರದಷ್ಟೆ. ಆದುದರಿಂದ ಹೊರಗಿನ ನೀರಿನ ಉಪ್ಪಿನಂಶ ಶೇಕಡ ಒಂದೆರಡರಷ್ಟು ಏರಿದೊಡನೆಯೇ ಮಿದುಳಿನ ಬುಡದಲ್ಲಿರುವ ಹೈಪೊಥಲಮಸ್ ಎಂಬ ಭಾಗಕ್ಕೆ ಅದರ ಸುಳಿವು ಹತ್ತುತ್ತದೆ. ಅದು ಮಾಡುವ ಕೆಲಸ ಎರಡು: ಬಾಯಾರಿಕೆಯನ್ನು ಹುಟ್ಟಿಸುತ್ತದೆ, ವಾಸೊಪ್ರೆಸಿನ್ ಎಂಬ ರಸದೂತವನ್ನು ಕಳುಹಿಸಿ, ನೀರನ್ನು ಹೊರಬಿಡದಂತೆ ಮೂತ್ರಪಿಂಡಗಳಿಗೆ ಆಜ್ಞೆ ಮಾಡುತ್ತದೆ. ಕುಡಿದ ನೀರು ಉಳಿಯುತ್ತದೆ, ಉಪ್ಪಿನ ಸಾಂದ್ರತೆ ಮೊದಲಿನಂತಾಗುತ್ತದೆ, ಆದರೆ ಒಟ್ಟು ನೀರು ಹೆಚ್ಚಿರುತ್ತದೆ. ಎಷ್ಟು ಹೆಚ್ಚು? ಆಸ್ಪತ್ರೆಯಲ್ಲಿ ತೂಗುಹಾಕುವ ಸಲೈನ್ ಬಾಟಲಿಯನ್ನು ನೆನೆಯಿರಿ. ರಕ್ತಕ್ಕೆ ಹೊಂದುವಂತೆ ಮಾಡಿದ ಆ ನೀರಿನಲ್ಲಿ ಲೀಟರಿಗೆ 9 ಗ್ರಾಂ ಉಪ್ಪಿದೆ. ಅಲ್ಲಿಗೆ ಮೈಯಲ್ಲಿ 9 ಗ್ರಾಂ ಹೆಚ್ಚುವರಿ ಉಪ್ಪು ನಿಂತರೆ ಅದರ ಜೊತೆಯಲ್ಲಿ ಹೆಚ್ಚು ಕಡಿಮೆ ಒಂದು ಲೀಟರು ನೀರೂ ನಿಲ್ಲಬೇಕಾಗುತ್ತದೆ.

ಉಪ್ಪು ನೀರನ್ನು ಕರೆದೊಯ್ಯುವ ಈ ಗುಣವೇ ಬೇರೊಂದು ಕಡೆ ಲಕ್ಷಾಂತರ ಜೀವಗಳನ್ನು ಉಳಿಸಿದೆ. ಕರುಳಿನ ಗೋಡೆ ಸೋಡಿಯಮನ್ನೂ ಗ್ಲೂಕೋಸನ್ನೂ ಜೋಡಿಯಾಗಿ ಒಳಗೆ ತೆಗೆದುಕೊಳ್ಳುತ್ತದೆ. ನೀರು ಇವನ್ನು ಹಿಂಬಾಲಿಸುತ್ತದೆ. 1971ರಲ್ಲಿ ಬಾಂಗ್ಲಾದೇಶದ ಯುದ್ಧದ ಕಾಲಕ್ಕೆ ಬಂಗಾಳದ ಬನಗಾಂವಿನ ನಿರಾಶ್ರಿತರಲ್ಲಿ ಕಾಲರಾ ಹಬ್ಬಿ ಸಲೈನ್ ತೀರಿಹೋದಾಗ, ಡಾ. ದಿಲೀಪ್ ಮಹಾಲನಬೀಸರು ಉಪ್ಪು, ಗ್ಲೂಕೋಸ್ ಮತ್ತು ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿಟ್ಟು ಕುಡಿಸಿದರು. ಸಾವುಗಳು ಬಹುಮಟ್ಟಿಗೆ ಇಳಿದವು. ಇಂದು ಅಂಗನವಾಡಿಯಲ್ಲಿ ಸಿಗುವ ಓ.ಆರ್.ಎಸ್. ಪೊಟ್ಟಣ ಇದರದೇ ವಂಶ.

ಇನ್ನು ಮೂತ್ರಪಿಂಡಗಳ ಕಾರ್ಯ. ಇದನ್ನು ಓದಿದಾಗ ನನಗಾದ ಆಶ್ಚರ್ಯವನ್ನು ಮುಚ್ಚಿಡಲಾರೆ. ಬೆನ್ನಿನ ಎರಡು ಪಕ್ಕಗಳಲ್ಲಿರುವ ಈ ಮುಷ್ಟಿಗಾತ್ರದ ಅಂಗಗಳು ದಿನವೊಂದಕ್ಕೆ ಸುಮಾರು 180 ಲೀಟರು ದ್ರವವನ್ನು ರಕ್ತದಿಂದ ಸೋಸುತ್ತವೆ. ಅದರೊಂದಿಗೆ ಸೋಸಿಹೋಗುವ ಉಪ್ಪು ಸುಮಾರು ಒಂದೂವರೆ ಕಿಲೋ. ನಮ್ಮ ಮನೆಗೆ ತಿಂಗಳಿಗೆ ತರುವ ಉಪ್ಪು ಎರಡು ಕಿಲೋ ಎಂದ ಮೇಲೆ ಈ ಕೆಲಸದ ಅಗಾಧತೆಯನ್ನು ಊಹಿಸಿಕೊಳ್ಳಬಹುದು. ಸೋಸಿದ್ದರಲ್ಲಿ ನೂರಕ್ಕೆ ತೊಂಬತ್ತೊಂಬತ್ತಕ್ಕೂ ಮಿಗಿಲಾದ ಪಾಲನ್ನು ಹಿಂದಕ್ಕೆ ಹೀರಿಕೊಂಡು, ಉಳಿದ ಅತ್ಯಲ್ಪ ಪಾಲನ್ನು ಹೊರಗೆ ಬಿಡುತ್ತವೆ. ಎಷ್ಟನ್ನು ಬಿಡಬೇಕು, ಎಷ್ಟನ್ನು ಹಿಡಿಯಬೇಕು ಎಂಬುದನ್ನು ಹೇಳುವುದು ಆಲ್ಡೊಸ್ಟಿರೋನ್ ಮೊದಲಾದ ರಸದೂತಗಳು. ಉಪ್ಪು ಕಡಿಮೆಯಾದರೆ ಆಲ್ಡೊಸ್ಟಿರೋನ್ ಹೆಚ್ಚಿ ಮೂತ್ರದಲ್ಲಿ ಉಪ್ಪೇ ಇಲ್ಲವೆನ್ನುವಷ್ಟು ಬಿಗಿಯಾಗುತ್ತದೆ; ಉಪ್ಪು ಹೆಚ್ಚಾದರೆ ಅದು ಇಳಿದು ಬಾಗಿಲು ತೆರೆಯುತ್ತದೆ.

ಆದರೆ ಈ ಹೊಂದಾಣಿಕೆ ಆ ಕ್ಷಣಕ್ಕೇ ಆಗುವುದಲ್ಲ. ಮಿತವಾಗಿ ಉಪ್ಪು ತಿನ್ನುತ್ತಿದ್ದ ಆರೋಗ್ಯವಂತನು ಥಟ್ಟನೆ ಹೆಚ್ಚು ಉಪ್ಪಿನ ಊಟಕ್ಕೆ ಬಿದ್ದರೆ, ತಿಂದಷ್ಟೇ ಹೊರಹೋಗುವ ಸಮತೋಲ ಬರಲು ಮೂರರಿಂದ ಐದು ದಿನ ಬೇಕು. ಅಷ್ಟರಲ್ಲಿ ಸುಮಾರು ಒಂದು ಕಿಲೋ ತೂಕ ಏರಿರುತ್ತದೆ. ಅದು ಕೊಬ್ಬಲ್ಲ, ನೀರು. ಮತ್ತೆ ಉಪ್ಪು ಕಡಿಮೆ ಮಾಡಿದರೆ ಅಷ್ಟೇ ದಿನಗಳಲ್ಲಿ ಆ ನೀರು ಇಳಿದುಹೋಗುತ್ತದೆ. ಕುಸ್ತಿಯ ಪಂದ್ಯಕ್ಕೆ ತೂಕ ಇಳಿಸಲೆಂದು ನಾಲ್ಕು ದಿನ ಸಪ್ಪೆ ಉಂಡು ಕಿಲೋ ಇಳಿಸಿಕೊಂಡೆನೆಂದು ಹೆಮ್ಮೆಪಡುವ ನಮ್ಮ ವಿದ್ಯಾರ್ಥಿನಿಲಯದ ಪೈಲ್ವಾನರು ಇದನ್ನು ಗಮನಿಸತಕ್ಕದ್ದು.

ಹಾಗಾದರೆ ಹೆಚ್ಚಾದ ನೀರು ಮೋರೆಯಲ್ಲಿ ಕಾಣಿಸುವುದೇ? ರಕ್ತನಾಳದಿಂದ ನೀರು ಹೊರಬಂದು ಕೋಶಗಳ ನಡುವೆ ನಿಲ್ಲುವುದಕ್ಕೂ, ಮರಳಿ ನಾಳದೊಳಕ್ಕೆ ಸೇರುವುದಕ್ಕೂ ಇರುವ ಎಳೆದಾಟವನ್ನು 1896ರಲ್ಲಿ ಇಂಗ್ಲೆಂಡಿನ ಅರ್ನೆಸ್ಟ್ ಸ್ಟಾರ್ಲಿಂಗ್ ವಿವರಿಸಿದನು. ಹೃದಯದ ಒತ್ತಡ ನೀರನ್ನು ಹೊರಕ್ಕೆ ದೂಡುತ್ತದೆ. ರಕ್ತದಲ್ಲಿರುವ ಪ್ರೋಟೀನು ಒಳಕ್ಕೆ ಎಳೆಯುತ್ತದೆ. ಕೋಶಗಳ ನಡುವಣ ನೀರು ಎರಡೂವರೆ ಮೂರು ಲೀಟರು ಹೆಚ್ಚುವವರೆಗೂ, ಕಣಕಾಲನ್ನು ಬೆರಳಿನಿಂದ ಒತ್ತಿದರೆ ಗುಳಿ ಬೀಳುವಂಥ ಬಾವು ಕಾಣಿಸದು. ಆದ್ದರಿಂದ ಒಂದು ಸಂಜೆ ಬೋಂಡ ಹಪ್ಪಳ ತಿಂದ ಮಾತ್ರಕ್ಕೆ ಯಾರಿಗೂ ಬಾವು ಬರುವುದಿಲ್ಲ. ಕಣ್ಣಿನ ರೆಪ್ಪೆಯ ವಿಷಯ ಮಾತ್ರ ಸ್ವಲ್ಪ ಬೇರೆ. ಅಲ್ಲಿಯ ಚರ್ಮ ತೆಳು, ಅಡಿಯ ಹೆಣಿಗೆ ಸಡಿಲ. ಹಗಲು ಕಾಲಿನ ಕಡೆಗೆ ಇಳಿದಿದ್ದ ನೀರು ಮಲಗಿದಾಗ ಮೈಯೆಲ್ಲ ಹರಡಿಕೊಳ್ಳುತ್ತದೆ. ಬೆಳಗ್ಗೆ ಕಣ್ಣು ಕೊಂಚ ಊದಿಕೊಂಡಂತೆ ತೋರಿ, ಎದ್ದು ಓಡಾಡಿದ ಮೇಲೆ ಸರಿಹೋಗುವುದು ಇದರಿಂದಲೇ. ದಿನವೂ ಬೆಳಗ್ಗೆ ಮುಖ ಬಾತುಕೊಂಡು ಹಾಗೆಯೇ ನಿಂತರೆ, ಮೂತ್ರ ನೊರೆನೊರೆಯಾದರೆ, ಉಪ್ಪನ್ನು ದೂರುತ್ತ ಕೂರಬಾರದು; ಅದು ಮೂತ್ರಪಿಂಡದ ಬೇನೆಯಾಗಿರಬಹುದು, ಪರೀಕ್ಷೆ ಮಾಡಿಸಬೇಕು.

ಇಲ್ಲಿಗೆ ಗಾದೆ ಪೂರ್ತಿ ಗೆದ್ದಿತೆಂದುಕೊಂಡೆ. ಆದರೆ ಈಚಿನ ಸಂಶೋಧನೆಗಳು ಅದಕ್ಕೂ ತಿದ್ದುಪಡಿ ತಂದಿವೆ. ಮಂಗಳಗ್ರಹಕ್ಕೆ ಹೋಗುವವರ ತಯಾರಿಗೆಂದು ಮಾಸ್ಕೋದಲ್ಲಿ ಮುಚ್ಚಿದ ಕೊಠಡಿಗಳೊಳಗೆ ಜನರನ್ನಿರಿಸಿ ಮೊದಲು 105 ದಿನ, ಆಮೇಲೆ 520 ದಿನ ನಡೆಸಿದ ಪ್ರಯೋಗವೊಂದುಂಟು. ಅಲ್ಲಿ ಊಟದ ಉಪ್ಪನ್ನು ದಿನಕ್ಕೆ 12, 9, 6 ಗ್ರಾಂ ಎಂದು ವಾರಗಟ್ಟಲೆ ಬದಲಾಯಿಸಿ, ಹೊರಬಂದ ಮೂತ್ರವನ್ನೆಲ್ಲ ಅಳೆದರು. ಜರ್ಮನಿಯ ಯೆನ್ಸ್ ಟಿಟ್ಸೆ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಫಲಿತಾಂಶ ವಿಚಿತ್ರವಾಗಿತ್ತು. ಬಹುದಿನ ಹೆಚ್ಚು ಉಪ್ಪು ತಿಂದಾಗ ಆ ಗಂಡಸರು ಹೆಚ್ಚು ನೀರು ಕುಡಿಯಲಿಲ್ಲ, ಕೊಂಚ ಕಡಿಮೆಯನ್ನೇ ಕುಡಿದರು. ಮೂತ್ರಪಿಂಡಗಳು ಉಪ್ಪನ್ನು ಹೊರಬಿಟ್ಟು ನೀರನ್ನು ಉಳಿಸಿಕೊಳ್ಳುವ ಉಪಾಯ ಮಾಡಿದ್ದವು. ಇದೇ ಟಿಟ್ಸೆಯವರ ಗುಂಪು, ಸೋಡಿಯಂ ಚರ್ಮದಲ್ಲಿಯೂ ಶೇಖರವಾಗುತ್ತದೆ, ಅದಕ್ಕೆ ತಕ್ಕಷ್ಟು ನೀರನ್ನು ಜೊತೆಗಿಟ್ಟುಕೊಳ್ಳದೆಯೂ ಶೇಖರವಾಗುತ್ತದೆ ಎಂದು ತೋರಿಸಿತು. ಆದಕಾರಣ ಉಪ್ಪಿಗೂ ಚರ್ಮಕ್ಕೂ ಏನೇನೂ ಸಂಬಂಧವಿಲ್ಲವೆಂದು ತಳ್ಳಿಹಾಕುವಂತಿಲ್ಲ. ಆ ಸಂಬಂಧ ಮೊಡವೆಯವರೆಗೂ ಬರುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಅದಕ್ಕೆ ಮೊದಲು ಅಪ್ಪ ಅವ್ವಂದಿರ ಮಾತನ್ನು ಮುಗಿಸುತ್ತೇನೆ.

ಆಲೆಮನೆಯ ಒಲೆಯ ಮುಂದೆ ಕೊಪ್ಪರಿಗೆ ಕುದಿಯುವಷ್ಟು ಹೊತ್ತು ನಿಲ್ಲುವವನ ಅಂಗಿಯ ಬೆನ್ನಿನಲ್ಲಿ ಬಿಳಿಯ ಗೆರೆಗಳು ಮೂಡುತ್ತವೆ. ಅದು ಬೆವರು ಆರಿ ಉಳಿದ ಉಪ್ಪು. ಒಂದು ಲೀಟರು ಬೆವರಿನಲ್ಲಿ ಆಳಿಗೆ ತಕ್ಕಂತೆ 1ರಿಂದ 4 ಗ್ರಾಂವರೆಗೆ ಉಪ್ಪು ಹೋಗುತ್ತದೆ. ಬಿಸಿಗೆ ಒಗ್ಗಿದ ಮೈ ಕ್ರಮೇಣ ಉಪ್ಪನ್ನು ಬಿಗಿಹಿಡಿದು ಸಪ್ಪೆ ಬೆವರನ್ನು ಬಿಡಲು ಕಲಿಯುತ್ತದೆ. ಇಂಗ್ಲೆಂಡಿನ ಕಲ್ಲಿದ್ದಲ ಗಣಿಗಳಲ್ಲಿ ಬೆವರಿ ಬರಿಯ ನೀರನ್ನು ಕುಡಿದ ಕೂಲಿಕಾರರಿಗೆ ಕೈಕಾಲು ಸೆಡೆತು ಹಿಡಿಯುತ್ತಿತ್ತು. 1923ರಲ್ಲಿ ಇದನ್ನು ಪರಿಶೀಲಿಸಿದವರು ಹೋದದ್ದು ನೀರು ಮಾತ್ರವಲ್ಲ, ಉಪ್ಪೂ ಹೌದೆಂದು ಕಂಡು, ಕುಡಿಯುವ ನೀರಿಗೆ ಉಪ್ಪು ಸೇರಿಸಿ ಗುಣ ಕಂಡರು. 1930ರ ದಶಕದಲ್ಲಿ ಲಂಡನ್ನಿನ ಮೆಕಾನ್ಸ್ ಎಂಬ ವೈದ್ಯನು ತನ್ನ ಮೇಲೂ ಕೆಲವು ಸ್ವಯಂಸೇವಕರ ಮೇಲೂ ಪ್ರಯೋಗ ಮಾಡಿ, ಉಪ್ಪಿಲ್ಲದ ಆಹಾರವನ್ನೇ ತಿಂದು ಬಿಸಿಯಲ್ಲಿ ಬೆವರಿ ಬೆವರಿ ಉಪ್ಪನ್ನು ಕಳೆದುಕೊಂಡನು. ಮೊದಮೊದಲು ಮೈಯ ನೀರು ಇಳಿದು ತೂಕ ಕಡಿಮೆಯಾಯಿತು, ನಾಲಗೆಯ ರುಚಿ ಕೆಟ್ಟಿತು, ಸ್ನಾಯುಗಳು ಸೆಡೆತವು, ನಾಲ್ಕು ಹೆಜ್ಜೆ ನಡೆದರೆ ಆಯಾಸ. ಉಪ್ಪು ತಿಂದೊಡನೆ ಚೇತರಿಕೆ. ಅಜ್ಜಿ ಈ ಹೆಸರುಗಳನ್ನು ಕೇಳಿದವಳಲ್ಲ. ಆದರೂ ಅವಳ ಮಜ್ಜಿಗೆಯ ಅಪ್ಪಣೆಯಲ್ಲಿ ಹುರುಳಿದೆ. ಆಲೆಮನೆಯ ಕೆಲಸ ನಿಂತ ತಿಂಗಳುಗಳಲ್ಲಿಯೂ ಅದೇ ಉಪ್ಪು ಮುಂದುವರಿಯಬೇಕೆಂದಲ್ಲ.

ಅವ್ವನ ವಿಷಯದಲ್ಲಿ ಅನುಮಾನಕ್ಕೆ ಎಡೆಯೇ ಇಲ್ಲ. ರಕ್ತನಾಳಗಳಲ್ಲಿ ದ್ರವ ಹೆಚ್ಚಿದರೆ ಒತ್ತಡ ಏರುತ್ತದೆಂಬುದನ್ನು ಕೊಳಾಯಿ ನೋಡಿದವರಾರೂ ಊಹಿಸಬಲ್ಲರು. ನಿಜವಾದ ನಡೆ ಇಷ್ಟು ಸರಳವಲ್ಲವಾದರೂ ಫಲ ಹೀಗೆಯೇ. 1939ರಿಂದ ಅಮೆರಿಕದ ಡ್ಯೂಕ್ ವಿಶ್ವವಿದ್ಯಾನಿಲಯದಲ್ಲಿ ವಾಲ್ಟರ್ ಕೆಂಪ್ನರ್ ಎಂಬ ಜರ್ಮನ್ ಮೂಲದ ವೈದ್ಯನು ತೀವ್ರ ರಕ್ತದೊತ್ತಡದವರಿಗೆ ಉಪ್ಪಿಲ್ಲದ ಅನ್ನ ಮತ್ತು ಹಣ್ಣುಗಳ ಪಥ್ಯವನ್ನಿಟ್ಟು ಅನೇಕರ ಒತ್ತಡವನ್ನು ಇಳಿಸಿದನು. ಮಾತ್ರೆಗಳು ಇನ್ನೂ ಬಾರದಿದ್ದ ಕಾಲವದು. ನಾವು ಬೇಡವೆನ್ನುವ ಸಪ್ಪೆ ಅನ್ನ ಅಲ್ಲಿ ಔಷಧವಾಗಿತ್ತು! 1988ರಲ್ಲಿ ಪ್ರಕಟವಾದ ‘ಇಂಟರ್‌ಸಾಲ್ಟ್’ ಅಧ್ಯಯನದಲ್ಲಿ 32 ದೇಶಗಳ 52 ಕಡೆಗಳ ಹತ್ತು ಸಾವಿರಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿದರು. ನಮ್ಮ ದೇಶದಿಂದ ದೆಹಲಿ ಮತ್ತು ಲಡಾಖ್ ಸೇರಿದ್ದವು. ಬ್ರಜಿಲ್ಲಿನ ಕಾಡುಗಳ ಯಾನೊಮಾಮೊ ಜನ ಉಪ್ಪನ್ನೇ ಬಳಸದವರು. ಅವರಲ್ಲಿ ರಕ್ತದೊತ್ತಡದ ಬೇನೆ ಕಾಣಲಿಲ್ಲ, ವಯಸ್ಸಾದಂತೆ ಒತ್ತಡ ಏರಲೂ ಇಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಮಾತಿನಲ್ಲಿ ವಯಸ್ಕರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕು. ಎಂದರೆ ಒಂದು ಸಣ್ಣ ಚಮಚಕ್ಕೂ ಕಡಿಮೆ. ಲೋಕದ ಸರಾಸರಿ ಇದರ ಎರಡರಷ್ಟಿದೆ. ನಮ್ಮ ಭಾರತೀಯರ ಸರಾಸರಿ ಸುಮಾರು 8 ಗ್ರಾಂ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯೊಂದು ಹೇಳಿದೆ. ನಮ್ಮ ಕಡೆ ಮುದ್ದೆಗೆ ಉಪ್ಪೆಸರು, ಉಪ್ಪೆಸರಿಗೆ ಖಾರ, ಪಕ್ಕದಲ್ಲಿ ಉಪ್ಪಿನಕಾಯಿ, ಮಜ್ಜಿಗೆಗೆ ಮತ್ತೊಂದು ಚಿಟಿಕೆ. ಎಂಟು ಗ್ರಾಂ ಆಗದೆ ಇದ್ದೀತೇ? ಚೀನಾದಲ್ಲಿ 600 ಹಳ್ಳಿಗಳಲ್ಲಿ ಸೋಡಿಯಮಿನ ಕಾಲುಭಾಗಕ್ಕೆ ಬದಲಾಗಿ ಪೊಟ್ಯಾಸಿಯಂ ಬೆರೆಸಿದ ಉಪ್ಪನ್ನು ಕೊಟ್ಟು ನೋಡಿದರು. ಪಾರ್ಶ್ವವಾಯು ಶೇಕಡ 14ರಷ್ಟು ಕಡಿಮೆಯಾಯಿತೆಂದು 2021ರಲ್ಲಿ ವರದಿಯಾಯಿತು. ಇಂಥ ಉಪ್ಪು ನಮ್ಮಲ್ಲಿಯೂ ಮಾರಾಟಕ್ಕಿದೆ. ಆದರೆ ಮೂತ್ರಪಿಂಡ ಕೆಟ್ಟವರಿಗೂ, ರಕ್ತದೊತ್ತಡದ ಕೆಲವು ಮಾತ್ರೆಗಳನ್ನು ನುಂಗುವವರಿಗೂ ಪೊಟ್ಯಾಸಿಯಂ ಏರಿದರೆ ಹೃದಯಕ್ಕೆ ಅಪಾಯ. ಅವ್ವನಿಗೆ ತರುವ ಮೊದಲು ವೈದ್ಯರನ್ನು ಕೇಳಿದ್ದು ಇದೇ ಕಾರಣಕ್ಕೆ.

ಈಗ ತಂಗಿಯ ಮೊಡವೆ. ಇದನ್ನು ಹುಡುಗಾಟದ ವಿಷಯವೆಂದು ಯಾರೂ ನಗಬಾರದು. ಹದಿಹರೆಯದವರಲ್ಲಿ ಹತ್ತಕ್ಕೆ ಎಂಟು ಮಂದಿಗಾದರೂ ಒಂದಲ್ಲ ಒಂದು ಪ್ರಮಾಣದಲ್ಲಿ ಮೊಡವೆ ಬರುವುದು ನಿಜ. ಆದರೆ ಮುಖ ತೋರಿಸಲಾರದೆ ಕೊನೆಯ ಬೆಂಚಿನಲ್ಲಿ ಕೂರುವ, ಮದುವೆಮನೆಗೆ ಬರಲೊಲ್ಲದ ಹುಡುಗಿಯರಿದ್ದಾರೆ. ನನ್ನ ತಂಗಿಯೂ ಭಾಷಣ ಸ್ಪರ್ಧೆಗೆ ಹೆಸರು ಕೊಟ್ಟು ಹಿಂತೆಗೆದುಕೊಂಡಳು.

ಮೊಡವೆ ಹುಟ್ಟುವುದು ಕೂದಲಿನ ಬುಡದ ರಂಧ್ರದಲ್ಲಿ. ಪ್ರತಿಯೊಂದು ರೋಮಕೂಪಕ್ಕೂ ಜಿಡ್ಡನ್ನು ಸುರಿಸುವ ಗ್ರಂಥಿಯೊಂದು ಅಂಟಿಕೊಂಡಿದೆ. ಹದಿಹರೆಯದಲ್ಲಿ ಆಂಡ್ರೊಜನ್ ಎಂಬ ರಸದೂತಗಳು ಗಂಡುಹೆಣ್ಣೆನ್ನದೆ ಎಲ್ಲರಲ್ಲಿಯೂ ಹೆಚ್ಚುತ್ತವೆ. ಗ್ರಂಥಿ ದೊಡ್ಡದಾಗಿ ಜಿಡ್ಡು ಹೆಚ್ಚುತ್ತದೆ. ಅದೇ ಕಾಲಕ್ಕೆ ಕೂಪದ ಒಳಗೋಡೆಯಿಂದ ಉದುರಬೇಕಾದ ಸತ್ತ ಕೋಶಗಳು ಉದುರದೆ ಅಂಟಿಕೊಂಡು ಬಿರಡೆಯಂತೆ ಬಾಯಿ ಕಟ್ಟುತ್ತವೆ. ಬಿರಡೆಯ ತುದಿ ಗಾಳಿಗೆ ತೆರೆದಿದ್ದರೆ ಕಪ್ಪಾಗಿ ಕಾಣುತ್ತದೆ. ಆ ಕಪ್ಪು ಕೊಳೆಯಲ್ಲ. ಎಷ್ಟು ಉಜ್ಜಿ ತೊಳೆದರೂ ಹೋಗದು, ಉಜ್ಜಿದರೆ ಕೆರಳುತ್ತದೆ. ಮುಚ್ಚಿದ ಕೂಪದೊಳಗೆ ಕ್ಯೂಟಿಬ್ಯಾಕ್ಟೀರಿಯಂ ಎಂಬ ಸೂಕ್ಷ್ಮಜೀವಿ ಜಿಡ್ಡನ್ನುಂಡು ಬೆಳೆಯುತ್ತದೆ, ಮೈ ಅದರ ಮೇಲೆ ಕಾಳಗ ಹೂಡುತ್ತದೆ, ಕೆಂಪಾಗಿ ಊದಿ ಕೀವಾಗುತ್ತದೆ.

ಈ ಸರಣಿಯಲ್ಲಿ ಉಪ್ಪು ಎಲ್ಲಿ ಬರುತ್ತದೆ? ಉಪ್ಪಿನಿಂದ ನಿಂತ ನೀರು ಚರ್ಮದ ಅಡಿಯ ಕೋಶಗಳ ನಡುವಿನದು. ಅದು ಜಿಡ್ಡನ್ನು ಹೆಚ್ಚಿಸುವುದಿಲ್ಲ, ಬಿರಡೆಯನ್ನು ಕಟ್ಟುವುದಿಲ್ಲ. ಪಕ್ಕದ ಮನೆಯ ಅತ್ತೆ ಹೇಳಿದಂತೆ ಮೊಡವೆಯ ಒಳಗಿರುವುದು ಉಪ್ಪಿನ ನೀರಂತೂ ಅಲ್ಲ. ಆದರೂ ಅವರ ಮಾತಿಗೆ ಅನುಭವದ ಬುಡವೊಂದಿರಬಹುದೆಂದು ನನಗೆ ತೋರುತ್ತದೆ. ಹೆಂಗಸರಲ್ಲಿ ಅನೇಕರಿಗೆ ಮುಟ್ಟಿನ ಮುಂಚಿನ ದಿನಗಳಲ್ಲಿ ಮೈ ಭಾರವಾಗಿ ಊದಿದಂತಾಗುತ್ತದೆ. ಅದೇ ದಿನಗಳಲ್ಲಿ ಮೊಡವೆಯೂ ಹೆಚ್ಚುತ್ತದೆ. ಎರಡೂ ಜೊತೆಯಲ್ಲಿ ಬರುವುದರಿಂದ ಒಂದು ಇನ್ನೊಂದಕ್ಕೆ ಕಾರಣವೆಂದು ಭಾವಿಸುವುದು ಸಹಜ. ಆದರೆ ಎರಡಕ್ಕೂ ಹಿಂದೆ ನಿಂತಿರುವುದು ರಸದೂತಗಳ ಏರಿಳಿತ. ಸೆಕೆಯಲ್ಲಿ ಬೆವರಿದಾಗ ಮೊಡವೆ ಕೆರಳುವುದೂ ಉಂಟು. ಎರಡನೆಯ ಮಹಾಯುದ್ಧದಲ್ಲಿ ಉಷ್ಣದೇಶಗಳಿಗೆ ಬಂದ ಸೈನಿಕರಲ್ಲಿ ಇದು ಉಗ್ರವಾಗಿ ಕಂಡಿತ್ತು.

ನೇರವಾಗಿ ಉಪ್ಪನ್ನೇ ಕುರಿತು ನಡೆದ ಪರಿಶೀಲನೆಗಳು ಬಹಳ ಕಡಿಮೆ. ಈಜಿಪ್ಟಿನ ವೈದ್ಯರು ಮೊಡವೆಯಿರುವ 200 ಮಂದಿಯನ್ನೂ ಇಲ್ಲದ 200 ಮಂದಿಯನ್ನೂ ಆರಿಸಿ ಊಟವನ್ನು ವಿಚಾರಿಸಿ 2016ರಲ್ಲಿ ಪ್ರಕಟಿಸಿದ್ದು ಒಂದು. ಮೊಡವೆಯವರು ಹೆಚ್ಚು ಉಪ್ಪು ತಿನ್ನುತ್ತಿದ್ದರು. ಹೆಚ್ಚು ತಿಂದವರಿಗೆ ಚಿಕ್ಕ ವಯಸ್ಸಿನಲ್ಲಿಯೇ ಮೊಡವೆ ಆರಂಭವಾಗಿತ್ತು. ಅತ್ತೆಯ ಪಕ್ಷಕ್ಕೆ ಇದೊಂದು ಸಾಕ್ಷಿ. ಆದರೆ ಅದೇ ಲೇಖನ, ಉಪ್ಪಿಗೂ ಮೊಡವೆಯ ಉಗ್ರತೆಗೂ ಸಂಬಂಧ ಕಾಣಲಿಲ್ಲವೆಂದೂ ಹೇಳಿತು. ಉಪ್ಪು ಒಂಟಿಯಾಗಿ ಬರುವ ಪದಾರ್ಥವಲ್ಲ. ಉಪ್ಪು ಹೆಚ್ಚಿರುವ ಕುರುಕಲಿನಲ್ಲಿ ಆಲೂಗಡ್ಡೆಯುಂಟು, ಮೈದಾ ಉಂಟು, ಅದರ ಪಕ್ಕದಲ್ಲಿ ಸಿಹಿಪಾನೀಯದ ಬಾಟಲಿಯುಂಟು. ಯಾವುದು ಕಳ್ಳ, ಯಾವುದು ಕಳ್ಳನ ಜೊತೆ ಸಿಕ್ಕಿಬಿದ್ದ ದಾರಿಹೋಕ ಎಂದು ತಿಳಿಯಲು ವಿಚಾರಣೆಯೊಂದೇ ಸಾಲದು. ಉಪ್ಪನ್ನು ಮಾತ್ರ ಬದಲಿಸಿ ನೋಡಬೇಕು.

2002ರಲ್ಲಿ ಪ್ರಕಟವಾದ ಇನ್ನೊಂದು ವರದಿಯೂ ಇದೇ ತೊಡಕಿನದು. ಪಪುವಾ ನ್ಯೂಗಿನಿಯ ಕಿಟಾವಾ ದ್ವೀಪದ 1200 ಜನರನ್ನು ನೋಡಿದಾಗ ಒಬ್ಬರಲ್ಲಿಯೂ ಮೊಡವೆ ಸಿಕ್ಕಲಿಲ್ಲವಂತೆ. ಅವರು ಉಪ್ಪು ಕಡಿಮೆ ತಿನ್ನುವವರು ಹೌದು. ಆದರೆ ಸಕ್ಕರೆ, ಹಿಟ್ಟು, ಹಾಲು ಇವೂ ಅವರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಗೆಡ್ಡೆಗೆಣಸು, ಹಣ್ಣು, ಮೀನು, ತೆಂಗಿನಕಾಯಿಯೇ ಊಟ. ಬದಲಿಸಿ ನೋಡಿದ ಪ್ರಯೋಗವೆಂದರೆ 2007ರಲ್ಲಿ ವರದಿಯಾದ ಆಸ್ಟ್ರೇಲಿಯದ್ದು. 15ರಿಂದ 25 ವರ್ಷದ 43 ಗಂಡುಮಕ್ಕಳಲ್ಲಿ ಕೆಲವರಿಗೆ ರಕ್ತದ ಸಕ್ಕರೆಯನ್ನು ಬೇಗ ಏರಿಸದಂಥ ಆಹಾರವನ್ನು 12 ವಾರ ಕೊಟ್ಟಾಗ ಅವರ ಮೊಡವೆ ಉಳಿದವರದಕ್ಕಿಂತ ಹೆಚ್ಚಾಗಿ ಇಳಿಯಿತು. ಸಕ್ಕರೆ ಏರಿದರೆ ಇನ್ಸುಲಿನ್ ಏರುತ್ತದೆ, ಅದು ಆಂಡ್ರೊಜನ್ನಿಗೆ ಬೆಂಬಲವಾಗುತ್ತದೆ ಎಂಬುದು ಇದರ ವಿವರಣೆ. ಎಂದಮೇಲೆ ಊಟದಲ್ಲಿ ಆರೋಪಿಯನ್ನು ಹುಡುಕುವವರು ಉಪ್ಪಿನ ಮರಿಗೆಗಿಂತ ಮೊದಲು ಸಕ್ಕರೆಯ ಡಬ್ಬಿಯನ್ನು ನೋಡಬೇಕು. ತಂಗಿ ಸಪ್ಪೆ ಸಾರು ಉಣ್ಣುತ್ತಿದ್ದ ಆ ಎರಡು ತಿಂಗಳೂ ದಿನಕ್ಕೆ ಮೂರು ಲೋಟ ಕಾಫಿಗೆ ಎರಡೆರಡು ಚಮಚ ಸಕ್ಕರೆ ಹಾಕಿಕೊಳ್ಳುತ್ತಿದ್ದಳು.

ಉಪ್ಪಿನ ಅಯೋಡಿನ್ ಬಗೆಗೂ ಒಂದು ಗುಮಾನಿಯಿದೆ. ಅಯೋಡಿನ್ ಹೆಚ್ಚಾದರೆ ಮೊಡವೆಯಂಥ ಗುಳ್ಳೆಗಳು ಏಳುವುದು ನಿಜವೇ. ಆದರೆ ಅದು ಔಷಧದ ರೂಪದಲ್ಲಿ ಭಾರಿ ಪ್ರಮಾಣ ಸೇವಿಸಿದವರಲ್ಲಿ. ನಮ್ಮ ಮನೆ ತಲಪುವ ಉಪ್ಪಿನಲ್ಲಿ ಗ್ರಾಮಿಗೆ ಕಡಿಮೆಯೆಂದರೆ 15 ಮೈಕ್ರೋಗ್ರಾಂ ಅಯೋಡಿನ್ ಇರಬೇಕೆಂದು ನಿಯಮ. ವಯಸ್ಕರಿಗೆ ದಿನಕ್ಕೆ ಬೇಕಾದದ್ದೇ 150 ಮೈಕ್ರೋಗ್ರಾಂ. ಇದು ಗುಳ್ಳೆ ಎಬ್ಬಿಸುವ ಲೆಕ್ಕವಲ್ಲ. 1956ರಿಂದ ಹಿಮಾಚಲದ ಕಾಂಗ್ಡಾ ಕಣಿವೆಯಲ್ಲಿ ಡಾ. ರಾಮಲಿಂಗಸ್ವಾಮಿಯವರು ಅಯೋಡಿನ್ ಬೆರೆಸಿದ ಉಪ್ಪನ್ನು ಹಂಚಿ ಗಳಗಂಡ ಇಳಿಯುವುದನ್ನು ತೋರಿಸಿಕೊಟ್ಟ ಮೇಲೆ ನಮ್ಮ ದೇಶಕ್ಕೆ ಈ ವ್ಯವಸ್ಥೆ ಬಂತು. ಮೊಡವೆಗೆ ಹೆದರಿ ಅದನ್ನು ಬಿಟ್ಟು, ಗುಲಾಬಿ ಬಣ್ಣದ ಸೈಂಧವ ಲವಣವನ್ನು ಹತ್ತು ಪಟ್ಟು ಬೆಲೆಗೆ ಕೊಳ್ಳುವವರುಂಟು. ಅದೂ ಬಹುತೇಕ ಅದೇ ಸೋಡಿಯಂ ಕ್ಲೋರೈಡ್. ನೀರು ಹಿಡಿಯುವುದರಲ್ಲಿಯೂ ಒತ್ತಡ ಏರಿಸುವುದರಲ್ಲಿಯೂ ಭೇದವಿಲ್ಲ. ಅಯೋಡಿನ್ ಸೇರಿಸದಿದ್ದರೆ ಅದು ಮಾತ್ರ ಇರುವುದಿಲ್ಲ. ಬೆಳೆಯುವ ಹುಡುಗಿಗೆ, ಮುಂದೆ ತಾಯಿಯಾಗುವವಳಿಗೆ, ಆ ಕೊರತೆ ಮೊಡವೆಗಿಂತ ದೊಡ್ಡದು.

ಮೊಡವೆಗೆ ಔಷಧವಿದೆ. ಬೆಂಜೋಯಿಲ್ ಪೆರಾಕ್ಸೈಡ್, ಅಡಾಪಲಿನ್ ಮೊದಲಾದ ಲೇಪಗಳನ್ನು ಚರ್ಮವೈದ್ಯರು ಬರೆದುಕೊಡುತ್ತಾರೆ. ಗುಣ ಕಾಣಲು ಎಂಟರಿಂದ ಹನ್ನೆರಡು ವಾರ ಬೇಕು. ಈ ತಾಳ್ಮೆಯಿಲ್ಲದೆ ನಮ್ಮವರು ಮುಖ ಬಿಳುಪಾಗುವ ಕ್ರೀಮೆಂದು ಕೇಳಿ ತರುವ ಕೊಳವೆಗಳಲ್ಲಿ ಎಷ್ಟೋ ಬಾರಿ ಸ್ಟಿರಾಯ್ಡ್ ಇರುತ್ತದೆ. ಮೊದಲ ವಾರ ಮುಖ ನುಣುಪಾಗುತ್ತದೆ. ತಿಂಗಳುಗಳು ಕಳೆದರೆ ಚರ್ಮ ತೆಳುವಾಗಿ, ಕೆಂಪೇರಿ, ಮೊದಲಿಗಿಂತ ಹೆಚ್ಚು ಗುಳ್ಳೆ. 2018ರಲ್ಲಿ ಸರ್ಕಾರ ಇಂಥ ಹಲವು ಲೇಪಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದ ಪಟ್ಟಿಗೆ ಸೇರಿಸಿತು. ತಂಗಿಯ ಪೆಟ್ಟಿಗೆಯಲ್ಲಿಯೂ ಒಂದು ಸಿಕ್ಕಿತು. ಚೀಟಿ ಕೇಳದೆಯೇ ಕೊಟ್ಟಿದ್ದರಂತೆ. ಅದನ್ನೆತ್ತಿಕೊಂಡು ಅವಳೊಡನೆ ಜಿಲ್ಲಾಸ್ಪತ್ರೆಗೆ ಹೋದೆ. ಅಲ್ಲಿಯ ವೈದ್ಯೆ ಉಪ್ಪಿನ ಮಾತನ್ನೇ ಎತ್ತಲಿಲ್ಲ. ಮೊದಲು ಕೇಳಿದ್ದು ಇದನ್ನು ಎಷ್ಟು ದಿನ ಹಚ್ಚಿದೆಯಮ್ಮ ಎಂದು.

ಇನ್ನು ಪೊಟ್ಟಣಗಳ ಲೆಕ್ಕವೊಂದು ಉಳಿದಿದೆ. ಅಂಗಡಿಯ ಕುರುಕಲು, ನೂಡಲ್ಸ್, ಬಿಸ್ಕತ್ತುಗಳ ಬೆನ್ನಿನ ಮೇಲೆ ಉಪ್ಪು ಎಂದು ಬರೆದಿರುವುದಿಲ್ಲ, ಸೋಡಿಯಂ ಎಂದಿರುತ್ತದೆ. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪು. 1000 ಮಿಲಿಗ್ರಾಂ ಸೋಡಿಯಂ ಎಂದಿದ್ದರೆ ಎರಡೂವರೆ ಗ್ರಾಂ ಉಪ್ಪು. ದಿನದ ಮಿತಿಯ ಅರ್ಧ. ಅಂಕಿ ಪೊಟ್ಟಣಕ್ಕೋ, ನೂರು ಗ್ರಾಮಿಗೋ ಎಂಬುದನ್ನೂ ನೋಡಿಕೊಳ್ಳಬೇಕು. ಅವ್ವನಿಗೆ ಓದು ಬಾರದು. ಅವಳ ಪರವಾಗಿ ತಂಗಿ ಅಂಗಡಿಯಲ್ಲಿ ನಿಂತು ಪ್ರತಿಯೊಂದು ಪೊಟ್ಟಣವನ್ನೂ ತಿರುಗಿಸಿ ಗುಣಿಸುತ್ತಾಳೆ. ಅಂಗಡಿಯವರಿಗೆ ಇದು ಅಷ್ಟಾಗಿ ಹಿಡಿಸಿಲ್ಲ.